ಮಳೆ ಹಿಡಿದರೆ ಧಾರವಾಡ ಹಿಡಿಯದ ಏರಿಯಲ್

ಜುಲೈ ತಿಂಗಳು, ಕಾರವಾರದ ಒಂದು ಹಳೇ ಅಂಬಾಸಿಡರ್. ಡ್ಯಾಶ್‌ಬೋರ್ಡಿನ ರೇಡಿಯೊ ಸೆಟ್‌ನಲ್ಲಿ ಎಫ್‌ಎಂ ಗಂಟೆ ಹೊಡೆದ ಹಾಗೆ ಕೇಳುತ್ತಿದೆ. ಬ್ಯಾಂಡ್ ಬದಲಿಸಿ ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್‌ಗೆ ಮುಳ್ಳು ತಂದರೆ ಬರೀ ಗೊರಗೊರ. ಮೇ ತಿಂಗಳಲ್ಲಿ ಇದೇ ಕಾರಿನಲ್ಲಿ ಧಾರವಾಡ ಚೆನ್ನಾಗಿಯೇ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಸೆಟ್ ಕೆಟ್ಟಿತೆಂದು ಬಿಚ್ಚಿ ರಿಪೇರಿಗೆ ಕೊಡುವವರೇ ಹೆಚ್ಚು. ಬಹಳ ಸಲ ಸೆಟ್‌ಗೆ ಏನೂ ಆಗಿರುವುದಿಲ್ಲ. ಮಡ್‌ಗಾರ್ಡ್‌ಗೆ ಏರಿಯಲ್ ಕೂರಿಸಿದ ಜಾಗದಲ್ಲಿ ಕಡ್ಡಿ ಬಾಡಿಗೆ ತಾಗದಂತೆ ತಡೆಯುವ ಬೆರಳಗಲದ ಒಂದು ಪ್ಲಾಸ್ಟಿಕ್ ಬುಷ್ ಇರುತ್ತದಲ್ಲ, ಉಪ್ಪುನೀರು ಅದರೊಳಗೆ ಇಳಿದಿರುತ್ತದೆ.

ಎಫ್‌ಎಂಗೆ ತಾಗದ ನೀರು ಮೀಡಿಯಂ ವೇವ್‌ಗೆ ಮಾತ್ರ ಯಾಕೆ ತಾಗುತ್ತದೆ? ಒಂದು ಚಿಕ್ಕ ಲೆಕ್ಕ ಸಾಕು. 765 ಕಿಲೋಹರ್ಟ್ಜ್ ಅಲೆಯ ಉದ್ದ ಸುಮಾರು 392 ಮೀಟರ್. ಅದಕ್ಕೆ ಒಪ್ಪುವ ಕಾಲು ಅಲೆಯ ಕಂಬ ಬೇಕೆಂದರೆ 98 ಮೀಟರ್ ಎತ್ತರ. ಶಿರಸಿ ತೋಟದ ನಾಲ್ಕು ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮುಟ್ಟದು. ಕಾರಿನ ಮೇಲಿರುವುದು ಒಂದು ಮೀಟರ್ ಕಡ್ಡಿ. ಇಷ್ಟು ಗಿಡ್ಡ ಕಡ್ಡಿ ಮೀಡಿಯಂ ವೇವ್ ಪಾಲಿಗೆ ಸುಮಾರು 10 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಅಷ್ಟೇ, ಅದರ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, 20,000 ಓಮ್‌ನಷ್ಟು. ಅಂಥ ಇಕ್ಕಟ್ಟಿನ ದಾರಿಯಲ್ಲಿ ತೊಟ್ಟು ತೊಟ್ಟಾಗಿ ಬರುವ ಸಿಗ್ನಲ್‌ಗೆ, ಒದ್ದೆ ಬುಷ್‌ನ ಮೂಲಕ ಕಾರಿನ ಬಾಡಿಯ ಕಡೆಗೆ 20,000 ಓಮ್‌ನ ಇನ್ನೊಂದು ದಾರಿ ತೆರೆದರೆ ಸೆಟ್ ಮುಟ್ಟುವುದು ಚೂರುಪಾರು. ಜೊತೆಗೆ ಆ ಸೋರಿಕೆ ಸೆಟ್‌ನ ಮೊದಲ ಟ್ಯೂನಿಂಗ್ ಸುರುಳಿಯ ಚೂಪನ್ನೂ ಮೊಂಡು ಮಾಡುತ್ತದೆ. ಎಫ್‌ಎಂ ಅಲೆಯಾದರೋ ಮೂರು ಮೀಟರ್ ಉದ್ದ, ಅದರ ಕಾಲು ಭಾಗ 75 ಸೆಂಟಿಮೀಟರ್. ಕಡ್ಡಿ ಅದಕ್ಕೆ ಹತ್ತಿರದ ಅಳತೆ, ಇಂಪೀಡೆನ್ಸ್ ಹೆಚ್ಚೆಂದರೆ ಕೆಲವು ನೂರು ಓಮ್. ಅಷ್ಟು ಅಗಲದ ರಸ್ತೆಯ ಪಕ್ಕ 20,000 ಓಮ್‌ನ ಕಿರುದಾರಿ ಇದ್ದರೇನು, ಇಲ್ಲದಿದ್ದರೇನು!

ಆದ್ದರಿಂದ ಕರಾವಳಿಯಲ್ಲಿ ಏರಿಯಲ್ ಹಾಕುವ ಕೆಲಸದ ಹೆಚ್ಚಿನ ಪಾಲು ಕಡ್ಡಿಯದ್ದಲ್ಲ, ತೂತಿನದ್ದು.

ತೂತು ಕೊರೆಯುವ ಮೊದಲು ಒಂದು ಮಾತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬೇಕಿದ್ದರೆ ಬಾಡಿ ಮೂಲರೂಪದಲ್ಲೇ ಇರಬೇಕು. ಆ ಯೋಚನೆ ಇದ್ದವರು ಮೂಲ ತೂತಿದ್ದರೆ ಅದನ್ನೇ ಬಳಸಲಿ, ಇಲ್ಲವಾದರೆ ಮಳೆನೀರಿನ ಗಟರ್‌ಗೆ ಕಚ್ಚುವ ಕ್ಲಿಪ್ ಏರಿಯಲ್ ಹಾಕಲಿ. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ತೆಗೆದರೆ ಗುರುತು ಉಳಿಯುವುದಿಲ್ಲ.

ಕೊರೆಯುವುದೇ ಸೈ ಎಂದಾದರೆ ಜಾಗ ಮುಂದಿನ ಮಡ್‌ಗಾರ್ಡ್. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಯಾವ ಮಗ್ಗುಲಲ್ಲಿದೆಯೋ ಅದರ ಎದುರು ಮಗ್ಗುಲು. ಒಳಗಿಳಿಯುವ ಕಡ್ಡಿಯಾದರೆ ಅದರ ಕೊಳವೆ ಕೆಳಗೆ ಎಷ್ಟುದ್ದ ಬರುತ್ತದೆಂದು ಅಳೆದು, ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಟೈರ್ ಮೇಲೆದ್ದಾಗಲೂ ತಾಗಬಾರದು. ಹಿಂದಿನ ಮಡ್‌ಗಾರ್ಡ್‌ನಲ್ಲಿ ಇಂಜಿನ್ ಗದ್ದಲ ಕಡಿಮೆ ನಿಜ. ಆದರೆ ಕೇಬಲ್ ನಾಲ್ಕು ಮೀಟರ್ ದಾಟುತ್ತದೆ. ಅದರ ನಷ್ಟ ಎಷ್ಟೆಂದು ಮುಂದೆ ಗೊತ್ತಾಗುತ್ತದೆ.

ತೂತಿನ ಅಳತೆ ಏರಿಯಲ್‌ನಿಂದ ಏರಿಯಲ್‌ಗೆ ಬೇರೆ; 22 ಮಿಲಿಮೀಟರ್ ಸಾಮಾನ್ಯ. ಬುಷ್ ಕೈಯಲ್ಲಿಟ್ಟು ಅಳೆದ ಮೇಲೆಯೇ ಡ್ರಿಲ್ ಹಿಡಿಯಿರಿ. ಬಣ್ಣದ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ ಪಂಚ್ ಹೊಡೆದು, 3 ಮಿಲಿಮೀಟರ್ ಬಿಟ್, ಆಮೇಲೆ 6, ಕೊನೆಗೆ ಮೆಟ್ಟಿಲು ಬಿಟ್. ನೇರ ದಪ್ಪ ಬಿಟ್ ಇಟ್ಟರೆ ತಗಡಿನಲ್ಲಿ ಅದು ಸಿಕ್ಕಿಕೊಂಡು ತೂತು ಮುಮ್ಮೂಲೆಯಾಗುತ್ತದೆ, ಬುಷ್ ಸರಿಯಾಗಿ ಕೂರುವುದಿಲ್ಲ. ಕೊರೆದ ಚೂರುಗಳನ್ನು ಆಯಸ್ಕಾಂತ ಹಿಡಿದು ಎತ್ತಬೇಕು. ಮಡ್‌ಗಾರ್ಡ್‌ನ ಮಡಿಕೆಯಲ್ಲಿ ಉಳಿದ ಒಂದೊಂದು ಚೂರೂ ಮೊದಲ ಮಳೆಗೇ ಕಂದು ಚುಕ್ಕೆ.

ಈಗ ಮುಖ್ಯ ಜಾಗ. ಮಡ್‌ಗಾರ್ಡ್‌ನ ಅಡಿಯಲ್ಲಿ, ತೂತಿನ ಸುತ್ತ, ಅರ್ಧ ಬೆರಳಗಲದ ಉಂಗುರದಷ್ಟು ಬಣ್ಣ, ಅಂಡರ್‌ಕೋಟ್, ತುಕ್ಕು ಎಲ್ಲ ಕೆರೆದು ತಗಡು ಬೆಳ್ಳಗೆ ಹೊಳೆಯಬೇಕು. ಏರಿಯಲ್‌ನ ಹಲ್ಲಿನ ವಾಷರ್ ಕಚ್ಚುವುದು ಅಲ್ಲಿ. ಕಡ್ಡಿ ಏರಿಯಲ್‌ನ ಅರ್ಧ ಮಾತ್ರ, ಉಳಿದರ್ಧ ಕಾರಿನ ಬಾಡಿ. ಈ ಉಂಗುರದಲ್ಲೇ ಎರಡೂ ಕೂಡುವುದು. ಇಲ್ಲಿ ಅರ್ಥ್ (ಬಾಡಿಯ ಜೊತೆಗಿನ ವಿದ್ಯುತ್ ಸಂಪರ್ಕ) ಸಡಿಲವಾದರೆ ಕೇಬಲ್‌ನ ಹೊರಜಾಲರಿ ತಾನೇ ಏರಿಯಲ್ ಆಗಿ ಇಂಜಿನ್‌ನ ಕಿಡಿಸದ್ದನ್ನೆಲ್ಲ ಸೆಟ್‌ಗೆ ಹೊತ್ತು ತರುತ್ತದೆ. ಸತು ಲೇಪದ ವಾಷರ್ ಹಾಕಿ. ಕ್ರೋಮ್ ಮೆತ್ತಿದ ಹಿತ್ತಾಳೆ, ಕಬ್ಬಿಣದ ತಗಡು, ನಡುವೆ ಉಪ್ಪುನೀರು ಸೇರಿದರೆ ಪುಟ್ಟ ಬ್ಯಾಟರಿಯೇ ಆಯಿತು. ಅದರಲ್ಲಿ ಕರಗುವುದು ಮಡ್‌ಗಾರ್ಡ್‌ನ ಕಬ್ಬಿಣ. ಕಾರವಾರದಲ್ಲಿ ಬೀಚಿಗೂ ಹೆದ್ದಾರಿಗೂ ನಡುವೆ ಹೆಚ್ಚು ದೂರವಿಲ್ಲದಿರುವುದರಿಂದ ಈ ಬ್ಯಾಟರಿಗೆ ನೀರಿನ ಕೊರತೆಯಿಲ್ಲ. ಕೆರೆದ ಉಂಗುರಕ್ಕೆ ವ್ಯಾಸಲೀನ್ ತೆಳ್ಳಗೆ ಸವರಿ ನಟ್ ಬಿಗಿದು, ಎಲ್ಲ ಅಳತೆ ಸರಿಬಂದ ಮೇಲೆ ಮೇಲಿಂದ ಅಂಡರ್‌ಕೋಟ್ ಬಳಿಯಿರಿ. ವ್ಯಾಸಲೀನ್ ಹಚ್ಚಿದರೆ ಕರೆಂಟ್ ನಿಲ್ಲುತ್ತದೆಂಬ ಅಂಜಿಕೆ ಬೇಡ. ವಾಷರ್‌ನ ಹಲ್ಲು ಅದನ್ನು ಸೀಳಿಕೊಂಡು ತಗಡಿಗೆ ಇಳಿಯುತ್ತದೆ, ನೀರು ಮಾತ್ರ ಹೊರಗುಳಿಯುತ್ತದೆ. ಮೇಲ್ಭಾಗದ ಬಣ್ಣ ಕೆರೆಯಬಾರದು. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ರಬ್ಬರ್ ಪ್ಯಾಡ್ ಇಟ್ಟರೆ ಸಾಕು.

ಸೆಟ್‌ಗೆ ಪ್ಲಗ್ ಸಿಕ್ಕಿಸುವ ಮುಂಚೆ ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ತೆಗೆಯಬೇಕು. ಕಡ್ಡಿಯಿಂದ ಪ್ಲಗ್‌ನ ನಡುಮೊಳೆಗೆ ಸೊನ್ನೆಯ ಆಸುಪಾಸು. ಪ್ಲಗ್‌ನ ಹೊರತೋಳಿನಿಂದ ಬಾಡಿಗೆ ಒಂದು ಓಮ್‌ಗಿಂತ ಕಡಿಮೆ. ಬೋಲ್ಟ್‌ನಿಂದ ಕೂತ ಮಡ್‌ಗಾರ್ಡ್‌ಗಳಲ್ಲಿ ಬೋಲ್ಟ್ ತುಕ್ಕು ಹಿಡಿದಿದ್ದರೆ ಇದು ಏರಿಳಿಯುತ್ತದೆ, ಆಗ ಮಡ್‌ಗಾರ್ಡ್‌ನಿಂದ ಬಾಡಿಗೆ ಒಂದು ಹೆಣೆದ ಅರ್ಥ್ ಪಟ್ಟಿ ಹಾಕಬೇಕು. ಕಡ್ಡಿಯಿಂದ ಬಾಡಿಗೆ ಮೀಟರ್ ಏನೂ ತೋರಿಸಬಾರದು, ತೋರಿಸಿದರೂ ಹಲವು ಮೆಗಾಓಮ್ ಇರಬೇಕು.

ಕೇಬಲ್ ವಿಷಯದಲ್ಲಿ ಗ್ಯಾರೇಜ್‌ಗಳಲ್ಲಿ ಆಗುವ ತಪ್ಪು ಒಂದೇ: ಸಾಲದಿದ್ದರೆ ಡಿಶ್ ಕೇಬಲ್ ತುಂಡು ಜೋಡಿಸುವುದು. ಕಾರ್ ರೇಡಿಯೊ ಕೇಬಲ್‌ನ ಒಳಗೆ ಕೂದಲಿನಂಥ ತಂತಿ ಸಡಿಲ ಕೊಳವೆಯಲ್ಲಿ ಇರುತ್ತದೆ, ಸುತ್ತ ಬಹುಪಾಲು ಗಾಳಿ. ಅದು ಕಳಪೆ ಮಾಲಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಅದರ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 30 ಪಿಕೋಫ್ಯಾರಡ್, ಡಿಶ್ ಕೇಬಲ್‌ನದ್ದು ಅದರ ಎರಡು ಪಾಲಿಗೆ ಹತ್ತಿರ. ಕಡ್ಡಿಯ 10 ಪಿಕೋಫ್ಯಾರಡ್ ತಂದ ವೋಲ್ಟೇಜನ್ನು ಕೇಬಲ್ ಹಂಚಿಕೊಳ್ಳುತ್ತದೆ. ಒಂದೂವರೆ ಮೀಟರ್ ಸರಿಯಾದ ಕೇಬಲ್‌ನಲ್ಲಿ ಐದೂವರೆಯಲ್ಲಿ ಒಂದು ಪಾಲು ಸೆಟ್‌ಗೆ ಸಿಕ್ಕರೆ, ಅಷ್ಟೇ ಉದ್ದದ ಡಿಶ್ ಕೇಬಲ್‌ನಲ್ಲಿ ಸಿಗುವುದು ಹತ್ತರಲ್ಲಿ ಒಂದು. ಹಿಂದಿನ ಮಡ್‌ಗಾರ್ಡ್ ಬೇಡವೆಂದದ್ದು ಇದಕ್ಕೇ. ಆ ಕೂದಲು ತಂತಿ ಮಡಿಚಿದರೆ ಒಳಗೇ ತುಂಡಾಗುತ್ತದೆ, ಹಾಗಾಗಿ ತಿರುವುಗಳು ಮುಷ್ಟಿಯಷ್ಟು ಅಗಲವಿರಲಿ. ಬಾಡಿಯೊಳಗೆ ಹೋಗುವಲ್ಲಿ ರಬ್ಬರ್ ಗ್ರೋಮೆಟ್ ಇಟ್ಟು, ಅದಕ್ಕೂ ಮೊದಲು ಕೇಬಲನ್ನು ಒಂದು ಗೇಣು ಕೆಳಗಿಳಿಸಿ ಮತ್ತೆ ಮೇಲೆತ್ತಿ ಒಳಗೆ ಬಿಡಬೇಕು. ಕೇಬಲ್ ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕಾಲಡಿಯ ಮ್ಯಾಟ್‌ಗೆ ಬರುವುದಿಲ್ಲ.

ಹಳೇ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಇನ್ನೊಂದು ಗುಂಡಿ ಇದೆ. ಹಲವದರಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಇಂದಿನ ಸೆಟ್‌ಗಳಿಗೆ ಬೇಕಾದದ್ದು ಮೈನಸ್. ಮೈನಸ್‌ಗೆ ಸೇರಿದ ಸೆಟ್‌ನ ಡಬ್ಬಿಗೆ ರಬ್ಬರ್ ಸುತ್ತಿ ಬಾಡಿಯಿಂದ ಬೇರೆ ಮಾಡಿದೆವು ಎಂದು ನಿಶ್ಚಿಂತೆಯಾಗಿ ಏರಿಯಲ್ ಪ್ಲಗ್ ಸಿಕ್ಕಿಸುತ್ತಾರೆ, ಆ ಕ್ಷಣವೇ ಫ್ಯೂಸ್ ಹಾರುತ್ತದೆ. ಏರಿಯಲ್‌ನ ಹೊರಜಾಲರಿ ಒಂದು ತುದಿಯಲ್ಲಿ ಸೆಟ್‌ನ ಡಬ್ಬಿಗೂ ಇನ್ನೊಂದು ತುದಿಯಲ್ಲಿ ಮಡ್‌ಗಾರ್ಡ್‌ಗೂ ಸೇರಿರುವುದು ಯಾರಿಗೂ ನೆನಪಾಗಿರುವುದಿಲ್ಲ. ಫ್ಯೂಸ್ ಇಲ್ಲದ ವೈರಿಂಗ್ ಆದರೆ ಹಾರುವುದು ಹೊಗೆ. ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಮೊದಲು ಬಾನೆಟ್ ಎತ್ತಿ ನೋಡಿ.

ಇಂಜಿನ್ ಚಾಲೂ ಮಾಡಿದಾಗ ಸದ್ದು ಬಂದರೆ ಏರಿಯಲ್ ಪ್ಲಗ್ ಕಿತ್ತು ಕೇಳಬೇಕು. ನಿಂತರೆ ಸದ್ದು ಏರಿಯಲ್ ದಾರಿಯಲ್ಲಿ ಬರುತ್ತಿದೆ, ನಿಲ್ಲದಿದ್ದರೆ ಪವರ್ ವೈರ್‌ನಲ್ಲಿ. ಆಕ್ಸಿಲರೇಟರ್ ಜೊತೆ ಏರುವ ಟಿಕ್ ಟಿಕ್ ಸ್ಪಾರ್ಕ್ ಪ್ಲಗ್ ವೈರ್‌ಗಳದ್ದು. ಅವುಗಳಿಗೆ ಸದ್ದು ತಗ್ಗಿಸುವ ಸುಮಾರು 5,000 ಓಮ್‌ನ ಸಪ್ರೆಸರ್ ಕ್ಯಾಪ್ ಹಾಕಿ. ಜೊತೆಗೆ ಕಾಯಿಲ್‌ನ ಬ್ಯಾಟರಿ ಕಡೆಯ ತುದಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದನ್ನು ತಪ್ಪಿ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಬರಿಸುವ ಕಾಂಟ್ಯಾಕ್ಟ್) ಕಡೆಯ ತುದಿಗೆ ಹಾಕಿದರೆ ಕಿಡಿಯೇ ಸೊರಗಿ ಇಂಜಿನ್ ಕೆಮ್ಮುತ್ತದೆ. ಕೊಯ್ ಎಂದು ಏರುವ ಸದ್ದು ಡೈನಮೊದ್ದು. ಅಲ್ಲೂ ಅಷ್ಟೇ ಕೆಪಾಸಿಟರ್, ದಪ್ಪ ಔಟ್‌ಪುಟ್ ತುದಿಗೆ ಮಾತ್ರ. ಫೀಲ್ಡ್ ತುದಿಗೆ ಹಾಕಿದರೆ ರೆಗ್ಯುಲೇಟರ್‌ನ ಕಾಂಟ್ಯಾಕ್ಟ್ ಸುಡುತ್ತದೆ. ಬಣ್ಣ ಮೆತ್ತಿದ ಹಿಂಜ್‌ನಿಂದಾಗಿ ಬಾನೆಟ್ ಬಾಡಿಯಿಂದ ಬೇರ್ಪಟ್ಟು ಕೂತಿದ್ದರೆ ಅದಕ್ಕೂ ಒಂದು ಅರ್ಥ್ ಪಟ್ಟಿ ಬೇಕು.

ಕೊನೆಗೆ ಟ್ರಿಮ್ಮರ್, ಸೆಟ್ಟನ್ನು ಕಡ್ಡಿಗೂ ಕೇಬಲ್‌ಗೂ ಹೊಂದಿಸುವ ತಿರುಪು. ಹಳೇ ಸೆಟ್‌ಗಳಲ್ಲಿ ಏರಿಯಲ್ ಸಾಕೆಟ್ ಬಳಿ ಅಥವಾ ಮುಂದಿನ ಗುಬ್ಬಿಯ ಹಿಂದೆ ಒಂದು ಪುಟ್ಟ ತಿರುಪು ಇರುತ್ತದೆ. ಕಡ್ಡಿಯನ್ನು ಪೂರ್ತಿ ಎತ್ತಿ, ಹಗಲಿನಲ್ಲಿ 1400 ಕಿಲೋಹರ್ಟ್ಜ್ ಆಸುಪಾಸಿಗೆ ಮುಳ್ಳು ತಂದು, ಕ್ಷೀಣ ಸ್ಟೇಷನ್ ಸಿಕ್ಕರೆ ಅದನ್ನು, ಸಿಗದಿದ್ದರೆ ಬರೀ ಸುಯ್ ಸದ್ದನ್ನು, ತಿರುಪು ತಿರುಗಿಸುತ್ತ ಗರಿಷ್ಠಕ್ಕೆ ತರಬೇಕು. ರಾತ್ರಿ ಮಾಡಬೇಡಿ, ದೂರದ ಸ್ಟೇಷನ್‌ಗಳು ತಾವಾಗಿಯೇ ಏರಿಳಿಯುತ್ತ ದಾರಿ ತಪ್ಪಿಸುತ್ತವೆ. ಸದ್ದು ಒಮ್ಮೆ ಏರಿ ಮತ್ತೆ ಇಳಿಯುವ ಶಿಖರ ಸಿಗಬೇಕು. ತಿರುಪು ಕೊನೆ ಮುಟ್ಟಿದರೂ ಶಿಖರ ಸಿಗದಿದ್ದರೆ ಮೊದಲು ಕೇಬಲನ್ನೇ ಅನುಮಾನಿಸಿ.

ಮಳೆಗಾಲದಲ್ಲಿ ಮತ್ತೆ ಧಾರವಾಡ ಮಸುಕಾದರೆ ಪ್ಲಗ್ ಕಿತ್ತು, ಕಡ್ಡಿಯಿಂದ ಬಾಡಿಗೆ ಮೀಟರ್ ಹಿಡಿಯಿರಿ. ಲಕ್ಷ ಓಮ್‌ಗಿಂತ ಕೆಳಗಿದ್ದರೆ ಬುಷ್ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಬರೀ ಒಣಗಿಸಿದರೆ ಉಪ್ಪು ಅಲ್ಲೇ ಉಳಿದು ಮರುದಿನದ ಗಾಳಿಯಲ್ಲೇ ತೇವ ಹೀರಿಕೊಳ್ಳುತ್ತದೆ. ತೊಳೆದು ಒಣಗಿಸಿ ಕೂರಿಸಿದ ವಾರದೊಳಗೆ ಅಳತೆ ಮತ್ತೆ ಬಿದ್ದರೆ ಬುಷ್ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಬಿಸಿಲಿಗೆ ಹಿಡಿದು ಬಗ್ಗಿಸಿದರೆ ಗೆರೆ ಕಾಣುತ್ತದೆ.