ಮೂಸಾರ್: ಶಿಕ್ಷೆಯೋ, ಶಿಕ್ಷಣವೋ?

‘ಅವನಿಗೆ ಸರಿಯಾಗಿ ಬುದ್ಧಿ ಕಲಿಸ್ತೀನಿ’ ಅಂತ ಯಾರಾದರೂ ಹಲ್ಲು ಕಡಿದರೆ, ಪಾಠ ಹೇಳಿಕೊಡಲು ಹೊರಟಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ? ಹೀಬ್ರೂ ಭಾಷೆಯ ‘ಮೂಸಾರ್’ ಪದವೂ ಹೀಗೇ. ತಿದ್ದುವ ಮಾತೂ ಅದೇ, ಬೀಳುವ ಏಟೂ ಅದೇ. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ಶಿಕ್ಷೆ’ ಎಂಬ ಪದ ಸಿಗುತ್ತದೆ. ಈಗಿನ ಕಿವಿಗೆ ಅದು ಬರೀ ದಂಡನೆ. ಆದರೆ ‘ಶಿಕ್ಷಣ’ ಹುಟ್ಟಿದ್ದೂ ಅದೇ ಬೇರಿನಿಂದ.

ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಈ ಪದ ಜಾಸ್ತಿ ಬರುತ್ತದೆ. ಅಪ್ಪ ತನ್ನ ಮುದ್ದಿನ ಮಗನನ್ನು ಗದರಿಸುವಂತೆ ದೇವರಾದ ಯೆಹೋವನು ತಾನು ಪ್ರೀತಿಸುವವರನ್ನು ಗದರಿಸುತ್ತಾನೆ ಎನ್ನುತ್ತದೆ ಮೂರನೇ ಅಧ್ಯಾಯ. ಧರ್ಮೋಪದೇಶಕಾಂಡದ ಎಂಟನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ತನ್ನ ಜನರ 40 ವರ್ಷದ ಮರುಭೂಮಿ ಅಲೆದಾಟವನ್ನೇ ಇಂಥ ಪಾಠ ಎನ್ನುತ್ತಾನೆ. ದೇವರು ಹಸಿವೆಗೆ ಒಡ್ಡಿದ, ಆಮೇಲೆ ‘ಮನ್ನ’ ಎಂಬ ಆಹಾರ ಕೊಟ್ಟ. ಅಷ್ಟು ವರ್ಷ ನಡೆದರೂ ಮೈಮೇಲಿನ ಬಟ್ಟೆ ಹರಿಯಲಿಲ್ಲ, ಕಾಲು ಬಾತುಕೊಳ್ಳಲಿಲ್ಲ.

ಯಾಜಕಕಾಂಡದ 26ನೇ ಅಧ್ಯಾಯ ಮಾತ್ರ ಓದಲು ಕಷ್ಟ. ಇಸ್ರಾಯೇಲ್ಯರು ದೇವರ ಆಜ್ಞೆ ಮೀರಿದರೆ ಮೊದಲು ರೋಗ, ಸೋಲು. ‘ಇಷ್ಟಾದರೂ ಕೇಳದಿದ್ದರೆ’ ಏಳು ಪಟ್ಟು ಶಿಕ್ಷೆ. ಆಕಾಶ ಕಬ್ಬಿಣವಾಗುತ್ತದೆ, ನೆಲ ತಾಮ್ರವಾಗುತ್ತದೆ. ಅಂದರೆ ಮಳೆಯಿಲ್ಲ, ಬೆಳೆಯಿಲ್ಲ. ಮತ್ತೆ ಏಳು ಪಟ್ಟು, ಕಾಡುಮೃಗಗಳು. ಮತ್ತೆ ಏಳು ಪಟ್ಟು, ಹತ್ತು ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಡುವಷ್ಟು ಬರ. ಕೊನೆಗೆ ಊರು ಹಾಳು, ಜನ ದಿಕ್ಕಾಪಾಲು. ಆದರೆ ಪ್ರತಿ ಮೆಟ್ಟಿಲಲ್ಲೂ ಆ ‘ಇಷ್ಟಾದರೂ’ ಇದೆ ನೋಡಿ. ಹಿಂದೆ ತಿರುಗಲು ಪ್ರತಿ ಸಲವೂ ದಾರಿ ಬಿಟ್ಟಿದೆ. ಅವರನ್ನು ಪೂರ್ತಿ ಕೈಬಿಡುವುದಿಲ್ಲ ಎಂಬ ಮಾತೂ ಅದೇ ಅಧ್ಯಾಯದ ಕೊನೆಯಲ್ಲಿದೆ.

ಮೂಸಾರ್ ಪದದ ಬೇರಿನಿಂದಲೇ ಬಂದ ಕ್ರಿಯಾಪದ ರಾಜ ರೆಹಬ್ಬಾಮನ ಬಾಯಲ್ಲೂ ಬರುತ್ತದೆ. ‘ನಮ್ಮಪ್ಪ ನಿಮ್ಮನ್ನು ಚಾವಟಿಯಿಂದ ದಂಡಿಸಿದ, ನಾನು ಚೇಳುಗಳಿಂದ ದಂಡಿಸುತ್ತೇನೆ’ ಎನ್ನುತ್ತಾನೆ ಸೊಲೊಮೋನನ ಈ ಮಗ. ಇಲ್ಲಿ ಕಲಿಸುವುದೇನೂ ಇಲ್ಲ, ಸುಮ್ನೆ ದರ್ಪ. ರಾಜ್ಯ ಎರಡು ಹೋಳಾಯಿತು.

ಹಾಗಾದರೆ ಕಷ್ಟವೆಲ್ಲ ಪಾಪದ ಫಲವೇ? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಕೂತಿದ್ದ ಯೋಬನಿಗೆ ಗೆಳೆಯ ಎಲೀಫಜ ಹೇಳಿದ್ದು ಬಹುಮಟ್ಟಿಗೆ ಅದನ್ನೇ: ದೇವರ ಮೂಸಾರನ್ನು ತಾತ್ಸಾರ ಮಾಡಬೇಡ. ಯೋಬ ಒಪ್ಪಲಿಲ್ಲ, ವಾದಕ್ಕೆ ನಿಂತ. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಎಲೀಫಜನ ಮೇಲೆ, ಅವನ ಇಬ್ಬರು ಜೊತೆಗಾರರ ಮೇಲೆ. ಯೋಬನು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಎನ್ನುತ್ತಾನೆ.