ಪದ ಪರಿಚಯ: ಚಿತ್ರನಕ್ಷೆಯ ‘ಒರಿಜಿನಲ್’

‘ವ್ಯಂಗ್ಯಚಿತ್ರಕಾರರು ಕೈಯಾರೆ ಬಿಡಿಸಿದ ಒರಿಜಿನಲ್ ಚಿತ್ರನಕ್ಷೆ ಮಾರಾಟಕ್ಕಿದೆ’ ಎಂದು ಒಕ್ಕಣೆ. ಜೊತೆಗಿರುವ ಫೋಟೋ ಹಿಗ್ಗಿಸಿ ನೋಡಿದರೆ ಸಮುದ್ರದ ನೀಲಿಯ ತುಂಬ ಸಾಲುಗಟ್ಟಿ ಕೂತ ಅಚ್ಚಿನ ಚುಕ್ಕಿಗಳು! ಅಂದರೆ ಅದು ಕೈಯಾರೆ ಬಿಡಿಸಿದ ಹಾಳೆಯಲ್ಲ, ಮುದ್ರಣಾಲಯದಿಂದ ಬಂದದ್ದು. ಮಾರುವವರೆಲ್ಲ ಮೋಸಗಾರರು ಅಂತಲ್ಲ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಆದರೂ ‘ಒರಿಜಿನಲ್’ ಎಂಬ ಪದವನ್ನು ಹೀಗೆ ಎಲ್ಲದಕ್ಕೂ ಅಂಟಿಸುವುದನ್ನು ಇನ್ನೆಷ್ಟು ಸಲ ಸಹಿಸುವುದು?

ಚಿತ್ರನಕ್ಷೆ ಅಂದರೆ ಊರು, ನದಿ, ಗಡಿಗಳನ್ನು ಬೊಂಬೆ, ಪ್ರಾಣಿಗಳಂಥ ಚಿತ್ರಗಳ ಮೂಲಕ ತೋರಿಸುವ ಭೂಪಟ; ಅದರಲ್ಲಿ ಗೊಂದಲವಿಲ್ಲ. ತಕರಾರು ಇರುವುದು ‘ಒರಿಜಿನಲ್’ ಬಗ್ಗೆ. ದಿನನಿತ್ಯದ ಮಾತಿನಲ್ಲಿ ಇದು ‘ಡೂಪ್ಲಿಕೇಟ್’ಗೆ ಎದುರಾದ ಪದ; ಒರಿಜಿನಲ್ ಎಂದರೆ ಖೋಟಾ ಅಲ್ಲದ್ದು. ಸಂಗ್ರಾಹಕರ ಬಾಯಲ್ಲಿ ಹಾಗಲ್ಲ. ಅಲ್ಲಿ ಅದರ ಎದುರಿಗೆ ನಿಲ್ಲುವುದು ಖೋಟಾ ಅಲ್ಲ, ಅಚ್ಚು. ಕಲಾವಿದನ ಪೆನ್ನು, ಕುಂಚ ನೇರವಾಗಿ ತಾಗಿದ ಹಾಳೆ ಮಾತ್ರ ಒರಿಜಿನಲ್. ಅದನ್ನು ನೋಡಿ ಮುದ್ರಣಾಲಯ ಹೊರತಂದದ್ದೆಲ್ಲ ಅಚ್ಚು, ಎಷ್ಟೇ ಹಳೆಯದಿರಲಿ, ಎಷ್ಟೇ ಅಪರೂಪದ್ದಿರಲಿ. ಬ್ರಿಟನ್ನಿನ ಚಿತ್ರಕಾರ ಫ್ರೆಡ್ ರೋಸ್ 1877ರಲ್ಲಿ ರಷ್ಯಾವನ್ನು ಆಕ್ಟೋಪಸ್ ಮಾಡಿ ಯುರೋಪಿನ ಮೇಲೆಲ್ಲ ಅದರ ಬಾಹುಗಳನ್ನು ಹರಿಬಿಟ್ಟ ನಕ್ಷೆ ಪ್ರಸಿದ್ಧ. ಆ ವರ್ಷದ ಪ್ರತಿ ನಿಮ್ಮ ಕೈಗೆ ಸಿಕ್ಕರೆ ಅದೃಷ್ಟವೇ ಸರಿ. ಅದು ಅಪ್ಪಟ ಹಳೆಯ ಪ್ರತಿ, ಬೆಲೆಬಾಳುವ ಪ್ರತಿ. ಆದರೆ ಪ್ರತಿಯೇ.

ಹಾಗೆ ನೋಡಿದರೆ ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಪದಗಳು ಇರಲಿಲ್ಲವೆಂದೇನಲ್ಲ. ‘ಅಸಲು’ ಬಂದದ್ದು ಅರಬ್ಬಿಯ ‘ಅಸ್ಲ್’ನಿಂದ, ಅರ್ಥ ಬೇರು. ಸಂಸ್ಕೃತದ ‘ಮೂಲ’ಕ್ಕೂ ಅದೇ ಅರ್ಥ. ‘ನಕಲು’ ಕೂಡ ಅರಬ್ಬಿಯದೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂಬ ಅರ್ಥದ ಪದ. ಅದರಲ್ಲಿ ಮೋಸದ ಸುಳಿವೇ ಇರಲಿಲ್ಲ. ಕಚೇರಿಯ ಕಾಗದಪತ್ರಗಳಲ್ಲಿ ಈಗಲೂ ‘ದೃಢೀಕೃತ ನಕಲು’ ಮರ್ಯಾದಸ್ಥ ಪದ. ಪರೀಕ್ಷಾ ಕೊಠಡಿಯ ನಕಲು, ಅಂಗಡಿಯ ನಕಲಿ ಮಾಲು ಬಂದಮೇಲೆ ಆ ಪದಕ್ಕೆ ಕಳಂಕ ಹತ್ತಿತು. ನಕಲು ಎಂದರೆ ಮೋಸ ಎಂದಾದಾಗ ಅಸಲು ಎಂದರೆ ಮೋಸವಲ್ಲದ್ದು ಎಂದಷ್ಟೇ ಉಳಿಯಿತು, ಬೇರಿನ ಅರ್ಥ ಕಳಚಿಬಿತ್ತು. ‘ಒರಿಜಿನಲ್’ ಬಂದು ಕೂತದ್ದು ಈ ಸವೆದ ಜಾಗದಲ್ಲಿ. ತಮಾಷೆಯೆಂದರೆ ‘ನಕ್ಷೆ’ಯ ಬುಡದಲ್ಲಿರುವ ‘ನಕ್ಶ್’ಗೆ ಕೆತ್ತುವುದು, ಬಣ್ಣದಲ್ಲಿ ಬರೆಯುವುದು ಎಂಬ ಅರ್ಥವಿದೆ. ಕೈಕೆಲಸ ಆ ಪದದೊಳಗೇ ಇತ್ತು.

ಗೊಂದಲ ಚಿತ್ರನಕ್ಷೆಯಲ್ಲೇ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ‘ಕೈಯಲ್ಲಿ ಬಿಡಿಸಿದ್ದು’ ಎನ್ನುವುದು ಒಂದು ಶೈಲಿ. ಬೋಸ್ಟನ್ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಜೋ ಮೋರಾ ಮುಂದೆ ಕ್ಯಾಲಿಫೋರ್ನಿಯಾದ ಚಿತ್ರನಕ್ಷೆಗಳನ್ನು ಮಾಡಿದರು. ಮುದ್ರಿತ ಪ್ರತಿಯಲ್ಲೂ ಒಂದೊಂದು ಅಕ್ಷರ, ಒಂದೊಂದು ಬೊಂಬೆ ಕೈಬರಹದ್ದೇ. ಕೈಯಲ್ಲಿ ಬಿಡಿಸಿದ ನಕ್ಷೆ ಎಂದರೆ ವಿನ್ಯಾಸದ ಮಟ್ಟಿಗೆ ನಿಜ, ನಿಮ್ಮ ಕೈಲಿರುವ ಹಾಳೆಯ ಮಟ್ಟಿಗೆ ಸುಳ್ಳು. ಮಾರಾಟದ ಒಕ್ಕಣೆಗಳು ಬದುಕುವುದೇ ಈ ಸಂದಿಯಲ್ಲಿ.

ನಿಜವಾದ ಮೂಲಚಿತ್ರ ಎದುರಿಗೆ ಬಂದಾಗ ಮೊದಲು ಅನಿಸುವುದು, ಇದೇಕೆ ಇಷ್ಟು ಗಲೀಜು ಅಂತ. ಮುದ್ರಣಕ್ಕೆ ಬರೆದ ಚಿತ್ರ ಸಾಮಾನ್ಯವಾಗಿ ಅಚ್ಚಿಗಿಂತ ದೊಡ್ಡದು. ಕುಗ್ಗಿಸಿದಾಗ ಗೆರೆ ಬಿಗಿಯಾಗಿ ಕಾಣಲಿ ಎಂದು ಹಾಗೆ ಬರೆಯುತ್ತಿದ್ದರು. ದಪ್ಪ ರಟ್ಟಿನ ಮೇಲೆ ಕಪ್ಪು ಶಾಯಿ. ಅದರಡಿ ತಿಳಿನೀಲಿ ಪೆನ್ಸಿಲ್ಲಿನ ಕರಡು, ಮುದ್ರಣಾಲಯದ ಕ್ಯಾಮೆರಾಕ್ಕೆ ಆ ನೀಲಿ ಕಾಣದು ಎಂಬ ಧೈರ್ಯದಿಂದ ಅಳಿಸದೆ ಬಿಟ್ಟದ್ದು. ನದಿಯ ತಿರುವು ತಪ್ಪಿದ ಕಡೆ ಬಿಳಿ ಬಣ್ಣ ಮೆತ್ತಿರುತ್ತದೆ. ನಕ್ಷೆಯಲ್ಲಿ ಊರಿನ ಹೆಸರುಗಳೇ ಹೆಚ್ಚು, ತಪ್ಪುವುದೂ ಅವೇ; ಹಾಗಾಗಿ ಬೇರೆ ಚೀಟಿಯಲ್ಲಿ ಹೆಸರು ಬರೆದು ಮೇಲೆ ಅಂಟಿಸಿರುತ್ತಾರೆ. ಗೋಂದು ಒಣಗಿ ಆ ಚೀಟಿಯ ಅಂಚು ಎದ್ದಿರುತ್ತದೆ, ಸುತ್ತ ಕಂದು ಕಲೆ. ಅಂಚಿನಲ್ಲಿ ಅಳತೆಯ ಗುರುತು, ಸಂಪಾದಕರ ಟಿಪ್ಪಣಿ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿ ದಟ್ಟವಾಗಿ ನಿಂತ ಕಡೆ ಹೊಳಪು, ತೆಳುವಾದ ಕಡೆ ಮಂಕು. ಅಚ್ಚಿನ ಕಪ್ಪಿಗೆ ಈ ಏರಿಳಿತ ಇರುವುದಿಲ್ಲ. ಅಚ್ಚಿನ ಚುಕ್ಕಿ ಇದೆಯೇ ಎಂದು ನೋಡಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು, ಪ್ರಮಾಣಪತ್ರ ಆಮೇಲೆ ಕೇಳಿ. ಗೋಡೆಗೆ ತೂಗುಹಾಕಲು ಶುಭ್ರವಾದ ಹಾಳೆ ಬೇಕೆಂದರೆ ಅಚ್ಚನ್ನೇ ಕೊಳ್ಳುವುದು ಒಳ್ಳೆಯದು.

ಮೆಕ್ಸಿಕೋದ ವ್ಯಂಗ್ಯಚಿತ್ರಕಾರ ಮಿಗೆಲ್ ಕೊವರೂಬಿಯಾಸ್ ಸ್ಯಾನ್ ಫ್ರಾನ್ಸಿಸ್ಕೋದ 1939ರ ವಸ್ತುಪ್ರದರ್ಶನಕ್ಕೆ ಪೆಸಿಫಿಕ್ ಪ್ರದೇಶದ ಆರು ಭಿತ್ತಿನಕ್ಷೆಗಳನ್ನು ಮಾಡಿದರು. ಅವುಗಳಲ್ಲಿ ಒಂದು, ಕಲಾಪ್ರಕಾರಗಳನ್ನು ತೋರಿಸುವಂಥದ್ದು, ಮುಂದೆ ಕಾಣೆಯಾಯಿತು. ಅದರ ಮುದ್ರಿತ ಪ್ರತಿಗಳು ಮಾತ್ರ ಈಗಲೂ ಸಿಗುತ್ತವೆ. ಹಾಗೆಂದು ಪ್ರತಿಗೆ ಬಡ್ತಿ ಕೊಟ್ಟು ಒರಿಜಿನಲ್ ಎನ್ನಲಾಗದು. ಮೂಲ ಕಳೆದುಹೋದರೆ ಕಳೆದುಹೋಯಿತು, ಅಷ್ಟೇ.

ಅಂಚಿನ ಪ್ರಕರಣಗಳೂ ಇವೆ, ಒಪ್ಪುತ್ತೇನೆ. 1812ರ ‘ಗೆರಿಮ್ಯಾಂಡರ್’, ಅಂದರೆ ಮ್ಯಾಸಚೂಸೆಟ್ಸ್‌ನ ಚುನಾವಣಾ ಕ್ಷೇತ್ರವೊಂದಕ್ಕೆ ರೆಕ್ಕೆ, ಉಗುರು ಬರೆದು ರಾಕ್ಷಸ ಪ್ರಾಣಿ ಮಾಡಿದ ನಕ್ಷೆ, ಮರದಚ್ಚಿನಲ್ಲಿ ಬಂದದ್ದು. ಅದನ್ನು ಮುದ್ರಿಸಿದ ಕೆತ್ತಿದ ಮರದ ತುಂಡುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಲ್ಲಿ ಮೂಲ ಎಂದರೆ ಮರವೇ. ಕಲಾವಿದ ತಾನೇ ಕಲ್ಲಿನ ಮೇಲೆ ಬರೆದು ತೆಗೆದ ಕಲ್ಲಚ್ಚನ್ನು ‘ಮೂಲ ಕಲ್ಲಚ್ಚು’ ಎನ್ನುವುದೂ ರೂಢಿ, ಅದು ತಪ್ಪಲ್ಲ. ಆ ರೂಢಿಯನ್ನು ಹಿಗ್ಗಿಸಿ ಮೊದಲ ಮುದ್ರಣದ ಪೋಸ್ಟರಿಗೂ ಒರಿಜಿನಲ್ ಎನ್ನುವವರ ಜೊತೆ ನನ್ನದು ಜಗಳ.

ಸಹಿಯ ವಿಷಯ ಬೇಗ ಮುಗಿಸೋಣ. ಅಚ್ಚಿನ ಮೇಲೆ ಪೆನ್ಸಿಲ್ಲಿನಲ್ಲಿ ಸಹಿ ಹಾಕಿದರೆ ಸಹಿ ಮೂಲದ್ದು, ಚಿತ್ರ ಅಲ್ಲ. ಅಚ್ಚಾದ ಗೆರೆಗಳ ನಡುವೆ ಕೈಯಿಂದ ಬಣ್ಣ ತುಂಬಿದ್ದರೆ ಬಣ್ಣದ ಮಟ್ಟಿಗೆ ಕೈಕೆಲಸ. ಅದನ್ನು ‘ಕೈಬಣ್ಣದ ಅಚ್ಚು’ ಎಂದು ಬರೆಯಲು ಯಾರೂ ನಾಚಬೇಕಿಲ್ಲ. ಇನ್ನು ಮೂಲಚಿತ್ರ ಕೊಂಡವರಿಗೆ ಅದನ್ನು ಅಚ್ಚುಹಾಕಿ ಮಾರುವ ಹಕ್ಕು ತಾನಾಗಿ ಬರುವುದಿಲ್ಲ, ಹಕ್ಕುಸ್ವಾಮ್ಯ ಬೇರೆಯೇ ಬಾಬತ್ತು.

ಈಗ ಬಹಳಷ್ಟು ವ್ಯಂಗ್ಯಚಿತ್ರಕಾರರು ಬರೆಯುವುದು ಟ್ಯಾಬ್ಲೆಟ್ಟಿನ ಮೇಲೆ. ಅಲ್ಲಿ ಶಾಯಿಯಿಲ್ಲ, ರಟ್ಟಿಲ್ಲ, ಇರುವುದು ಕಡತ. ಅದರಿಂದ ಒಂದೇ ಒಂದು ಪ್ರತಿ ತೆಗೆದು, ಸಹಿ ಹಾಕಿ, ‘ಒರಿಜಿನಲ್ ಡಿಜಿಟಲ್ ಪ್ರಿಂಟ್’ ಎಂದು ಮಾರುತ್ತಾರೆ. ‘ಒಂದೇ ಪ್ರತಿಯ ಮುದ್ರಣ’ ಎಂದರೆ ಸಾಕಲ್ಲ. ಕೊಳ್ಳುವವರಿಗೆ ಏನು ಸಿಗುತ್ತಿದೆ ಎಂದು ತಿಳಿಯುತ್ತದೆ, ಬೆಲೆಯನ್ನು ಅವರೇ ಚೌಕಾಸಿ ಮಾಡಿಕೊಳ್ಳಲಿ.