ಸಹಿ ಹಾಕಿದವರನ್ನು ಕೇಳುವವರು ಯಾರು?

ಓದುಗರ ಪ್ರಶ್ನೆ: ಚಿತ್ರಹಿಂಸೆಗೆ ಅನುಮತಿ ಕೊಟ್ಟರೆಂದು ಮಾಜಿ ಆಡಳಿತಗಾರರನ್ನು ಕಟಕಟೆಗೆ ತಂದರೆ ಅದು ಸೇಡಿನ ರಾಜಕಾರಣವಾಗುವುದಿಲ್ಲವೇ? ದೇಶ ಕಾಯಲೆಂದೇ ಅವರು ಹಾಗೆ ಮಾಡಿದ್ದಲ್ಲವೇ?

ಅಮೆರಿಕವನ್ನು ಕುರಿತೇ ಈ ಪ್ರಶ್ನೆ ಹೆಚ್ಚಾಗಿ ಏಳುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

2001ರ ಸೆಪ್ಟೆಂಬರ್ 11ರ ಉಗ್ರರ ದಾಳಿಯ ನಂತರ, ಕ್ಯೂಬಾದಲ್ಲಿ ಅಮೆರಿಕ ನಡೆಸುವ ಗ್ವಾಂಟನಾಮೊ ಸೆರೆಮನೆಯಲ್ಲಿ ಕೈದಿಗಳ ಬಾಯಿ ಬಿಡಿಸಲು ಏನೇನು ಮಾಡಬಹುದು ಎಂಬ ಪಟ್ಟಿಗೆ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರು 2002ರ ಡಿಸೆಂಬರ್ 2ರಂದು ಸಹಿ ಹಾಕಿದರು. ಬಟ್ಟೆ ಕಳಚುವುದು, ನಾಯಿಗಳ ಭಯ ಹುಟ್ಟಿಸುವುದು, ನಾಲ್ಕು ಗಂಟೆಯವರೆಗೆ ನಿಲ್ಲಿಸುವುದು ಅದರಲ್ಲಿದ್ದವು. ಸಹಿಯ ಕೆಳಗೆ ಅವರು ಕೈಯಾರೆ ಒಂದು ಮಾತು ಸೇರಿಸಿದರು: ನಾನು ದಿನಕ್ಕೆ ಎಂಟು ಹತ್ತು ಗಂಟೆ ನಿಂತೇ ಇರುತ್ತೇನೆ, ಇವರಿಗೆ ನಾಲ್ಕೇ ಗಂಟೆ ಏಕೆ? ಬೇಕೆನಿಸಿದಾಗ ಕುರ್ಚಿ ಎಳೆದುಕೊಂಡು ಕೂರಬಲ್ಲವರು ಕೇಳಿದ ಪ್ರಶ್ನೆ ಅದು. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೆ ಕೆಲವೇ ದಿನಗಳ ಹಿಂದೆ, ಕಾಬೂಲ್ ಬಳಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಡೆಸುತ್ತಿದ್ದ ರಹಸ್ಯ ಸೆರೆಮನೆಯಲ್ಲಿ ಗುಲ್ ರಹಮಾನ್ ಎಂಬ ಕೈದಿ ಸತ್ತಿದ್ದ. ಸೊಂಟದ ಕೆಳಗೆ ಬಟ್ಟೆಯಿಲ್ಲದೆ, ಸರಪಳಿ ಬಿಗಿದು, ನವೆಂಬರ್ ಚಳಿಯಲ್ಲಿ ಬರಿಯ ಕಾಂಕ್ರೀಟ್ ನೆಲದ ಮೇಲೆ ಅವನನ್ನು ಕೂರಿಸಿಟ್ಟಿದ್ದರು. ತನಿಖೆ ನಡೆಯಿತು, 2012ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಮುಗಿಯಿತು.

ಈಗ ಸೇಡಿನ ಮಾತಿಗೆ ಬರೋಣ. ಒಬ್ಬರನ್ನು ಹಣಿಯಲೆಂದೇ ಹೊಸ ಕಾನೂನು ಹೊಸೆದರೆ ಅದು ಸೇಡು. ಇಲ್ಲಿ ಕಾನೂನು ಮೊದಲೇ ಇತ್ತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಅಧ್ಯಕ್ಷ ರೇಗನ್ 1988ರಲ್ಲಿ ಸಹಿ ಹಾಕಿದ್ದರು, 1994ರಲ್ಲಿ ಅಮೆರಿಕ ಅದನ್ನು ಅನುಮೋದಿಸಿತ್ತು. ಯುದ್ಧವಿರಲಿ, ತುರ್ತುಸ್ಥಿತಿಯಿರಲಿ, ಚಿತ್ರಹಿಂಸೆಗೆ ಅದು ನೆಪವಾಗದು ಎಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ದೇಶ ಕಾಯುವ ವಾದಕ್ಕೆ ಉತ್ತರ ಅಲ್ಲೇ ಇದೆ. ಆರೋಪಿಯನ್ನು ವಿಚಾರಣೆಗೆ ಒಪ್ಪಿಸಬೇಕು, ಇಲ್ಲವೇ ಬೇರೆ ದೇಶಕ್ಕೆ ಹಸ್ತಾಂತರಿಸಬೇಕು ಎಂದೂ ಅದು ವಿಧಿಸುತ್ತದೆ.

ನಿಜಕ್ಕೂ ತೊಡಕಿನ ವಾದ ಬೇರೆಯೇ ಇದೆ: 'ವಕೀಲರು ಸರಿ ಎಂದರು, ನಾವು ಮಾಡಿದೆವು.' 2002ರ ಆಗಸ್ಟ್‌ನಲ್ಲಿ ನ್ಯಾಯ ಇಲಾಖೆಯ ವಕೀಲರು, ಅಂಗಾಂಗ ವೈಫಲ್ಯ ಅಥವಾ ಸಾವಿನಷ್ಟು ತೀವ್ರ ನೋವಾದರೆ ಮಾತ್ರ ಚಿತ್ರಹಿಂಸೆ ಎಂದು ಬರೆದುಕೊಟ್ಟರು. ಅದೇ ತಿಂಗಳು ಅಬು ಜುಬೈದಾ ಎಂಬ ಕೈದಿಯನ್ನು ಹಲಗೆಗೆ ಕಟ್ಟಿ, ಮುಖಕ್ಕೆ ಬಟ್ಟೆ ಹಾಕಿ, ಉಸಿರು ಕಟ್ಟುವಂತೆ ನೀರು ಸುರಿದರು. ಒಂದು ಸಲವಲ್ಲ, 83 ಸಲ. ಆ ಅಭಿಪ್ರಾಯವನ್ನು ಇಲಾಖೆಯೇ 2004ರಲ್ಲಿ ಹಿಂಪಡೆಯಿತು. ಕೆಳಗಿನ ಸಿಬ್ಬಂದಿ ಅದನ್ನು ನಂಬಿ ನಡೆದಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಲಿ. ಆ ಕಾಗದ ತಮ್ಮ ರಕ್ಷಣೆಗೆ ಬೇಕೆಂದು ಬರೆಸಿಕೊಂಡವರು ಇದ್ದರೆ, ಅವರ ಮಾತನ್ನೂ ನ್ಯಾಯಾಲಯವೇ ತೂಗಬೇಕು. ವಿಚಾರಣೆಯೇ ಬೇಡ ಎಂದರೆ ಎರಡೂ ಆಗುವುದಿಲ್ಲ.

ನನಗೆ ಸಹಿಸಲಾಗದ್ದು ಇದು: ಇರಾಕ್‌ನ ಅಬು ಘ್ರೈಬ್ ಸೆರೆಮನೆಯಲ್ಲಿ ಕೈದಿಗಳನ್ನು ಹಿಂಸಿಸಿದ ಕೆಳದರ್ಜೆಯ ಅಮೆರಿಕನ್ ಸೈನಿಕರು ಜೈಲು ಸೇರಿದರು, ಒಬ್ಬನಿಗಂತೂ ಹತ್ತು ವರ್ಷ ಶಿಕ್ಷೆಯಾಯಿತು. ವಾಟರ್‌ಬೋರ್ಡಿಂಗ್‌ಗೆ, ಅಂದರೆ ಹಾಗೆ ಉಸಿರು ಕಟ್ಟುವಂತೆ ನೀರು ಸುರಿಯುವುದಕ್ಕೆ, ತಾನೇ ಒಪ್ಪಿಗೆ ಕೊಟ್ಟೆ ಎಂದು ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ 2010ರ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡರು. ಅವರನ್ನು ಯಾವ ನ್ಯಾಯಾಲಯವೂ ಕರೆಯಲಿಲ್ಲ. ಹಿಂದಿನದನ್ನು ಬಿಟ್ಟು ಮುಂದೆ ನೋಡೋಣ ಎಂಬುದು ಅವರ ನಂತರ ಅಧ್ಯಕ್ಷರಾದ ಒಬಾಮಾ ಅವರ ನಿಲುವಾಗಿತ್ತು. ಸಿಐಎ ಹಿಡಿದಿಟ್ಟ 119 ಜನರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದದ್ದೇ ತಪ್ಪು ಎಂದು 2014ರ ಸೆನೆಟ್ ಸಮಿತಿಯ ವರದಿ ಹೇಳಿತು. ಅವರು ಯಾವ ಮುಂದನ್ನು ನೋಡಬೇಕು?

ಮಾಜಿ ದೊರೆಗಳನ್ನು ಶಿಕ್ಷಿಸುವುದು ಆಗದ ಕೆಲಸವೇನಲ್ಲ. 1982ರಿಂದ 1990ರವರೆಗೆ ಚಾಡ್ ದೇಶವನ್ನಾಳಿದ ಹಿಸೇನ್ ಹಾಬ್ರೆಗೆ 2016ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪಟ್ಟುಬಿಡದೆ ಹಿಂದೆ ಬಿದ್ದವರು ಅವನ ಸೆರೆಮನೆಗಳಿಂದ ಬದುಕಿ ಬಂದವರೇ.

ಇನ್ನು ಭಾರತ. ಇದೇ ಒಪ್ಪಂದಕ್ಕೆ ನಾವು 1997ರಲ್ಲಿ ಸಹಿ ಹಾಕಿದ್ದೇವೆ, ಅನುಮೋದಿಸಿಲ್ಲ. ಅದಕ್ಕಾಗಿ ತಂದ ಮಸೂದೆ 2010ರಲ್ಲಿ ಲೋಕಸಭೆಯನ್ನು ದಾಟಿ, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು. ಕಾನೂನಾಗಿ ಹೊರಬರಲೇ ಇಲ್ಲ.